ಕೆಮ್ಮುವ ಗಂಡಸರು

ಪಂಪಾಪತಿ ಆ ವರ್ಷ ಹನ್ನೊಂದನೇ ಸಲ ಅದೇ ಮೂರು ಲೀಟರಿನ ಕುಕ್ಕರ್ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ತಲೆ ಎತ್ತಿ ನೋಡಲಿಲ್ಲ. ನೋಡುವಂಥದ್ದೇನೂ ಇರಲಿಲ್ಲ. ಕುಕ್ಕರನ್ನು ಕೌಂಟರಿನ ಮೇಲೆ ಇಡುತ್ತಾನೆ, "ಸೀಟಿ ಬರ್ತಿಲ್ಲ" ಎನ್ನುತ್ತಾನೆ, ಮುಚ್ಚಳ ತೆಗೆದು ಗ್ಯಾಸ್ಕೆಟ್ ತೋರಿಸುತ್ತಾನೆ, ಆಮೇಲೆ ಏನೋ ಹೇಳಲು ಬಾಯಿ ತೆಗೆದು ಕೆಮ್ಮುತ್ತಾನೆ. ಗ್ಯಾಸ್ಕೆಟ್ಟಿನ ಒಂದು ಕಡೆ ಬ್ಲೇಡಿನಲ್ಲಿ ಕುಯ್ದ ಗುರುತು ಇರುತ್ತದೆ. ರಬ್ಬರು ತಾನಾಗಿ ಸೀಳಿದರೆ ಹೇಗಿರುತ್ತದೆ, ಬ್ಲೇಡು ತಾಗಿಸಿದರೆ ಹೇಗಿರುತ್ತದೆ ಎಂಬುದು ಅಪ್ಪನ ಕಾಲದಿಂದ ಇದೇ ಅಂಗಡಿಯಲ್ಲಿ ಕುಕ್ಕರ್, ಮಿಕ್ಸಿ, ಸ್ಟವ್ ರಿಪೇರಿ ಮಾಡಿಕೊಂಡು ಬಂದವಳಿಗೆ ಗೊತ್ತಾಗುವುದಿಲ್ಲವೇ? ನಾನು ಏನೂ ಕೇಳದೆ ಹೊಸ ಗ್ಯಾಸ್ಕೆಟ್ ಹಾಕಿಕೊಡುತ್ತಿದ್ದೆ. ಅವನು ಇನ್ನೊಂದು ಸಲ ಕೆಮ್ಮಿ ಇಳಿದು ಹೋಗುತ್ತಿದ್ದ.

"ಬಂದು ಹೋಯ್ತು ನೋಡೇ ದಾಕ್ಷಿ, ನಿನ್ನ ಕೆಮ್ಮು," ಎಂದು ಹಾಲಮ್ಮ ಚಿಕ್ಕಮ್ಮ ಒಳಗಿನಿಂದ ನಗುತ್ತಿದ್ದಳು. ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಇಡೀ ದಿನ ಅಂಗಡಿಯಲ್ಲಿ ಕೂತು ಹಳೇ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುವುದು, ಬಂದು ಹೋದವರನ್ನು ಆಡಿಕೊಳ್ಳುವುದು ಅವಳ ಕೆಲಸ. ನಾನೂ ನಗುತ್ತಿದ್ದೆ. ಅವನಿನ್ನೂ ಮೆಟ್ಟಿಲ ಮೇಲೆ ಇದ್ದಾನೋ ಇಲ್ಲವೋ ಎಂದು ನೋಡುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ.

ನಮ್ಮ ಊರಿನಲ್ಲಿ ಮನಸ್ಸಿನೊಳಗೆ ಮೂರು ಸಲ ಆಡಿಕೊಂಡ ಮಾತು ನಾಲ್ಕನೇ ಸಲ ಬಾಯಿಗೆ ಬರುವುದಿಲ್ಲ. ಬಾಯಿ ತೆಗೆದರೆ ಕೆಮ್ಮು ಬರುತ್ತದೆ, ಅಷ್ಟೆ. ಆ ಮಾತು ಈ ಊರಲ್ಲಿ ಆ ಮನುಷ್ಯನ ಪಾಲಿಗೆ ಮುಗಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಕಡೆ ಹೇಳುತ್ತಾರೆ. ನಮ್ಮಲ್ಲಿ ಆಡದೆ ಇಟ್ಟುಕೊಂಡರೆ ಹೋಗುತ್ತದೆ. ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಮಕ್ಕಳು ಮಗ್ಗಿಯನ್ನು ಬೀದಿಗೆ ಕೇಳಿಸುವಂತೆ ಕೂಗಿ ಕಲಿಯುತ್ತಾರೆ, ಬಾಯಿ ಮುಚ್ಚಿಕೊಂಡು ಓದಿದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. 'ಕಾಲು ಕೆಜಿ ಸಾಸಿವೆ, ಕಾಲು ಕೆಜಿ ಸಾಸಿವೆ' ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಹೋದವರು ಕಿರಾಣಿ ಅಂಗಡಿಯ ಮುಂದೆ ನಿಂತು ಕೆಮ್ಮುತ್ತಾರೆ, ಅಂಗಡಿಯವನು ಬೇಸರಿಸದೆ ಒಂದೊಂದೇ ಡಬ್ಬಿ ಎತ್ತಿ ತೋರಿಸುತ್ತಾನೆ. ಹೆಂಗಸರಿಗೆ ಇದರಿಂದ ಅಂಥ ತೊಂದರೆಯೇನೂ ಆಗಿಲ್ಲ. ಅನ್ನಿಸಿದ್ದನ್ನು ಅನ್ನಿಸಿದ ಕೂಡಲೇ ಅಂದುಬಿಡುತ್ತೇವೆ. ಕೂತು ತಿರುವಿ ಹಾಕುವುದಕ್ಕೆ ನಮಗೆ ಪುರುಸೊತ್ತಾದರೂ ಎಲ್ಲಿದೆ?

ಕೆಟ್ಟಿದ್ದು ಗಂಡಸರು. ಅದೂ ಯಾವಾಗ? ಒಬ್ಬ ಹೆಣ್ಣು ಮನಸ್ಸಿಗೆ ಹಿಡಿಸಿದಾಗ. ಎಮ್ಮೆ ಕೊಳ್ಳುವಾಗ ಇವರಿಗೆ ಮಾತು ಬರುತ್ತದೆ, ಚುನಾವಣೆಯಲ್ಲಿ ಬರುತ್ತದೆ, ಬಸ್ಸಿನಲ್ಲಿ ಪಕ್ಕದ ಸೀಟಿನವನ ಜೊತೆ ಬರುತ್ತದೆ. ಒಬ್ಬಳನ್ನು 'ಬನ್ರೀ, ಕಾಫಿ ಕುಡಿಯೋಣ' ಎಂದು ಕರೆಯುವುದಕ್ಕೆ ಮಾತ್ರ ಇವರು ಹದಿನೈದು ದಿನ ಯೋಚಿಸಬೇಕು. ಕಾಫಿ ಅನ್ನಲೋ ಟೀ ಅನ್ನಲೋ, ಬೇಡ ಅಂದರೆ ಏನನ್ನಲಿ, ಯಾಕೆ ಅಂದರೆ ಏನನ್ನಲಿ, ಸುಮ್ಮನಿದ್ದರೆ ನಾನೂ ಸುಮ್ಮನಿರಲೋ ಎಂದೆಲ್ಲ ಹಾಸಿಗೆಯಲ್ಲಿ ಹೊರಳಾಡಿ, ಆಡಬೇಕಾದ ಮಾತನ್ನಷ್ಟೇ ಅಲ್ಲ, ಅಕ್ಕಪಕ್ಕದ ಮಾತುಗಳನ್ನೂ ಮುಗಿಸಿಕೊಂಡು, ಹದಿನಾರನೇ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಎದುರು ನಿಂತು ಕೆಮ್ಮುತ್ತಾರೆ. ನಮ್ಮೂರಿನಲ್ಲಿ ಮೆಚ್ಚಿ ಮದುವೆಯಾದವರನ್ನು ಕೇಳಿ ನೋಡಿ. ಮುಕ್ಕಾಲು ಪಾಲು ಮೊದಲು ಜಗಳವಾಡಿದವರು. ಜಗಳಕ್ಕೆ ಯಾರೂ ತಯಾರಿ ಮಾಡಿಕೊಂಡು ಬರುವುದಿಲ್ಲ ನೋಡಿ.

ಪಂಪಾಪತಿಗೆ ಮೂವತ್ತೇಳು ವರ್ಷ, ನನಗಿಂತ ಎರಡು ವರ್ಷ ದೊಡ್ಡವನು. ಪುರಸಭೆಯಲ್ಲಿ ನೀರಿನ ಮೀಟರ್ ಓದುವ ಕೆಲಸ. ಬೇರೆಯವರ ಮನೆಗಳಲ್ಲಿ ಅವನು ಮಾತಿನ ಮಲ್ಲ. ಅಜ್ಜಿಯರ ಮಂಡಿನೋವು ವಿಚಾರಿಸುತ್ತಾನೆ, ಬಾಣಂತಿಗೆ ಸಬ್ಬಸಿಗೆ ಸೊಪ್ಪು ಎಲ್ಲಿ ಸಿಗುತ್ತದೆಂದು ಹೇಳುತ್ತಾನೆ, ನಾಯಿಗಳ ಹೆಸರೂ ಗೊತ್ತು. ನನ್ನ ಅಂಗಡಿಗೆ ಮೊದಲ ಸಲ ಬಂದಾಗಲೂ ಚೆನ್ನಾಗಿಯೇ ಮಾತಾಡಿದ್ದ. ಆಗ ಕುಕ್ಕರ್ ನಿಜವಾಗಿ ಕೆಟ್ಟಿತ್ತು. ನೀರು ಹಾಕದೆ ಒಲೆ ಮೇಲಿಟ್ಟಿದ್ದ. "ಬೇಳೆ ಹಾಕಿದ್ದು ನೆನಪಿತ್ತು, ನೀರು ಹಾಕೋದು ಮಾತ್ರ ಮರೆತೋಯ್ತಾ?" ಎಂದು ನಾನು ಬೈದೆ. "ಊರಿಗೆಲ್ಲ ನೀರು ಲೆಕ್ಕ ಹಾಕೋನು ಕಣ್ರೀ ನಾನು, ನನ್ನ ಮನೇಲಿ ನೀರೇ ಇಲ್ಲ," ಎಂದು ಅವನು ನಕ್ಕ. ಆ ನಗು ನನಗೆ ಹಿಡಿಸಿತು. ಹಿಡಿಸಿತು ಎಂದು ಈಗ ಹೇಳುತ್ತೇನೆ. ಆಗ ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಎರಡನೇ ಸಲ ಬಂದಾಗ ಅಂಗಿಗೆ ಇಸ್ತ್ರಿ ಆಗಿತ್ತು, ಮೂರನೇ ಸಲಕ್ಕೆ ಬಾಯಿಗೆ ಕೆಮ್ಮು ಬಂದಿತ್ತು. ಅವನಿಗೆ ಬಿಡುವು ಶನಿವಾರ ಮಧ್ಯಾಹ್ನ. ಅದಾದ ಮೇಲೆ ಆ ಹೊತ್ತಿಗೆ ಅಂಗಡಿ ಮುಚ್ಚುವ ನಮ್ಮ ಹಳೇ ಪದ್ಧತಿಯನ್ನು ನಾನು ಬಿಟ್ಟೆ. ಯಾಕೆ ಎಂದು ಚಿಕ್ಕಮ್ಮ ಕೇಳಿದಾಗ ವ್ಯಾಪಾರ ಜಾಸ್ತಿ ಎಂದೆ.

ಆ ಬೇಸಿಗೆಯಲ್ಲಿ ಪ್ರಭಂಜನ್ ಸರ್ ಎಂಬ ಮಹಾಶಯ ಹೊರಗಿನ ಊರಿಂದ ಬಂದ. ಗೋಡೆಗೋಡೆಗೂ ಪೋಸ್ಟರು. 'ಹೆಣ್ಣಿನ ಎದುರು ಹೆದರಿಕೆಯೇ? ಮೂರು ಭಾನುವಾರ ಸಾಕು.' ಶಿಬಿರ ನಡೆದದ್ದು ನನ್ನ ಅಂಗಡಿಯ ಎದುರಿಗಿರುವ ಸಮುದಾಯ ಭವನದಲ್ಲಿ, ಕಿಟಕಿಗಳೆಲ್ಲ ತೆರೆದಿದ್ದವು, ಮೈಕೂ ಇತ್ತು. ಹಾಗಾಗಿ ಅಲ್ಲಿ ಏನು ಕಲಿಸಿದರೆಂದು ಯಾರನ್ನೂ ಕೇಳಬೇಕಾಗಲಿಲ್ಲ. ನಲವತ್ತೆರಡು ಜನ ಗಂಡಸರು ನೋಟ್‌ಬುಕ್ ಹಿಡಿದು ಸಾಲಾಗಿ ಒಳಗೆ ಹೋದರು. ಪಂಪಾಪತಿ ಆ ಸಾಲಿನಲ್ಲಿ ಮೂರನೆಯವನು. ನನ್ನನ್ನು ಕಂಡು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಿಮ್ಮ ಸಮಸ್ಯೆ ಏನು ಗೊತ್ತಾ? ನೀವು ತಯಾರಾಗದೆ ಹೋಗ್ತೀರಿ," ಎಂದು ಪ್ರಭಂಜನ್ ಸರ್ ಮೈಕಿನಲ್ಲಿ ಅಬ್ಬರಿಸಿದ. "ಕನ್ನಡಿ ಮುಂದೆ ನಿಲ್ಲಿ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂರು ಸಲ ಹೇಳಿಕೊಳ್ಳಿ. ಅವಳು ಏನೇನು ಕೇಳಬಹುದು, ಪಟ್ಟಿ ಮಾಡಿ. ಒಂದೊಂದಕ್ಕೂ ಉತ್ತರ ರೆಡಿ ಇರಲಿ."

"ಅಯ್ಯೋ, ಉಳಿದಿರೋ ನಾಲ್ಕು ಮಾತನ್ನೂ ಕಳ್ಕೋತಾವಲ್ಲೇ ಈ ಮುಂಡೇವು," ಎಂದು ಚಿಕ್ಕಮ್ಮ ಸ್ಕ್ರೂ ಡಬ್ಬಿ ಬಿಟ್ಟು ಬಾಗಿಲಿಗೆ ಬಂದು ನಿಂತಳು.

ಹೊರಗಿನವನಿಗೆ ಗೊತ್ತಿಲ್ಲದಿರಬಹುದು, ಒಪ್ಪಿಕೊಳ್ಳೋಣ. ಈ ನಲವತ್ತೆರಡು ಜನ ಇದೇ ಊರಿನಲ್ಲಿ ಹುಟ್ಟಿದವರು, ಇಲ್ಲಿಯ ನೀರು ಕುಡಿದವರು. ಇವರ ತಲೆಯಲ್ಲಿ ಏನು ತುಂಬಿದೆ? ಹೊರಗೆ ಬಂದವನೊಬ್ಬನನ್ನು ನಿಲ್ಲಿಸಿ ಕೇಳಿಯೇ ಬಿಟ್ಟೆ. "ಇಷ್ಟು ದಿನ ನಮ್ಮ ಯೋಚನೆ ಕ್ರಮವಾಗಿರಲಿಲ್ಲ ಅಕ್ಕ, ಅದಕ್ಕೇ ಕೆಮ್ಮು ಬರ್ತಿತ್ತು. ಈಗ ಕ್ರಮವಾಗಿ ಯೋಚ್ನೆ ಮಾಡ್ತೀವಿ," ಎಂದ. ಯೋಚನೆ ಹೆಚ್ಚಾಗಿದೆ ಎಂದು ಔಷಧಿಗೆ ಹೋದವರಿಗೆ ಇನ್ನೂ ಎರಡು ಸೇರು ಯೋಚನೆ ಕಟ್ಟಿಕೊಟ್ಟು ಕಳಿಸಿದ್ದರು, ಇವರು ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು.

ಮೂರನೇ ಭಾನುವಾರದ ಹೊತ್ತಿಗೆ ಪ್ರಭಂಜನ್ ಸರ್‌ಗೂ ಊರಿನ ಗಾಳಿ ತಗುಲಿತ್ತು. ಸಮಾರೋಪ ಭಾಷಣವನ್ನು ಅವನು ಲಾಡ್ಜಿನಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ಓದಿಕೊಂಡಿದ್ದನೋ ಏನೋ, ಮೈಕಿನ ಮುಂದೆ ನಿಂತು ಮುಕ್ಕಾಲು ಗಂಟೆ ಕೆಮ್ಮಿದ. ಅದೂ ಒಂದು ಪಾಠವೆಂದು ತಿಳಿದು ಎದುರಿಗಿದ್ದ ನಲವತ್ತೆರಡು ಜನರೂ ಟಿಪ್ಪಣಿ ಬರೆದುಕೊಂಡರು, ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಸಂಜೆ ಬಸ್ಸಿಗೆ ಹೊರಟುಹೋದ.

ಶಿಬಿರದ ಫಲ ಮರುದಿನದಿಂದಲೇ ಕಾಣಿಸಿತು. ನಲವತ್ತೆರಡರಲ್ಲಿ ಒಬ್ಬನಿಗೂ 'ಚೆನ್ನಾಗಿದ್ದೀರಾ' ಎನ್ನಲು ಬಾರದು. ಅದು ಮೊದಲನೇ ಪಾಠದಲ್ಲಿತ್ತು. 'ಈ ಬಣ್ಣ ನಿಮಗೆ ಒಪ್ಪುತ್ತೆ' ಹೋಯಿತು, 'ನಿಮ್ಮ ಹವ್ಯಾಸ ಏನು' ಹೋಯಿತು. ಅದು ಹೋದದ್ದಕ್ಕೆ ಯಾವ ಹೆಂಗಸೂ ಅಳಲಿಲ್ಲ ಬಿಡಿ. ಆದರೆ ಪಂಪಾಪತಿ ಉಳಿದವರಿಗಿಂತ ಶ್ರದ್ಧೆಯ ವಿದ್ಯಾರ್ಥಿಯಾಗಿದ್ದ ಎಂದು ಕಾಣುತ್ತದೆ. ಅವನಿಗೆ 'ನಮಸ್ಕಾರ' ಕೂಡ ಉಳಿದಿರಲಿಲ್ಲ. ಮನೆಮನೆಯ ಗೇಟಿನಲ್ಲಿ ನಿಂತು ಬರಿದೇ ಕೈ ಮುಗಿಯುತ್ತಿದ್ದನಂತೆ. ಹನ್ನೆರಡನೇ ಸಲ ಕುಕ್ಕರ್ ತಂದಾಗ 'ಸೀಟಿ ಬರ್ತಿಲ್ಲ' ಎಂಬುದೂ ಬರಲಿಲ್ಲ. ಮುಚ್ಚಳ ತೆಗೆದು ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ಕಿವಿಯವರೆಗೂ ಕೆಂಪಾಗಿದ್ದ.

"ಮೂರು ಭಾನುವಾರ ಹೋಗಿದ್ರಲ್ಲ, ಒಳ್ಳೇ ಫಲ ಕೊಟ್ಟಿದೆ," ಎಂದೆ ನಾನು. "ಇನ್ನು ಮೂರು ಭಾನುವಾರ ಹೋದ್ರೆ ಉಸಿರಾಡೋದನ್ನೂ ಮರೀಬಹುದು."

ಚಿಕ್ಕಮ್ಮ ಡಬ್ಬಿ ಬಡಿದು ನಕ್ಕಳು. ಪಂಪಾಪತಿ ಗ್ಯಾಸ್ಕೆಟ್ಟನ್ನು ಮತ್ತೆ ಮುಚ್ಚಳಕ್ಕೆ ಹಾಕಿ, ಕುಕ್ಕರನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ಹೋದ. ಅವತ್ತು ಅವನು ಕೆಮ್ಮಲೂ ಇಲ್ಲ. ನಾನು ಗ್ಯಾಸ್ಕೆಟ್ ಬದಲಿಸಿ ಕುಕ್ಕರನ್ನು ಕಪಾಟಿನ ಕೆಳಗಿನ ಸಾಲಿನಲ್ಲಿಟ್ಟೆ. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ.

ಗುರುವಾರ ಮಧ್ಯಾಹ್ನ ಚಿಕ್ಕಮ್ಮ ಸುದ್ದಿ ತಂದಳು. ಪಂಪಾಪತಿ ತಾನೇ ಅರ್ಜಿ ಬರೆದುಕೊಟ್ಟು ಬೇರೆ ಊರಿನ ಪುರಸಭೆಗೆ ವರ್ಗ ಮಾಡಿಸಿಕೊಂಡಿದ್ದಾನಂತೆ. ಸೋಮವಾರ ಬೆಳಿಗ್ಗೆ ಹೊರಡುತ್ತಾನಂತೆ. ಇದು ನಮ್ಮ ಊರಿನ ಗಂಡಸರ ಹಳೇ ದಾರಿ. ಊರ ಗಡಿ ದಾಟಿದರೆ ಕೆಮ್ಮು ಇರುವುದಿಲ್ಲ, ಎಷ್ಟು ತಿರುವಿ ಹಾಕಿದ ಮಾತನ್ನೂ ಎಷ್ಟು ಸಲ ಬೇಕಾದರೂ ಆಡಬಹುದು. ಅಲ್ಲಿ ಯಾವಳೋ ಒಬ್ಬಳ ಮುಂದೆ ಹರಳು ಹುರಿದ ಹಾಗೆ ಮಾತಾಡಿ ಮದುವೆಯಾಗುತ್ತಾರೆ. ಎರಡು ವರ್ಷ ಕಳೆದು ಹೆಂಡತಿಯ ಜೊತೆ ಊರಿಗೆ ಬಂದರೆ, ಬಸ್ಸಿಳಿದ ಗಳಿಗೆಯಿಂದ ಇವನು ಯಾಕೆ ಮೂಕನಾದ ಎಂದು ಆ ಪಾಪದ ಹೆಣ್ಣು ಕಣ್ಣು ಬಾಯಿ ಬಿಡುತ್ತಾಳೆ.

"ಹೋಗ್ಲಿ ಬಿಡು. ಅಲ್ಲಾದ್ರೂ ಒಂದು ಗತಿ ಕಾಣ್ಲಿ," ಎಂದಳು ಚಿಕ್ಕಮ್ಮ. ಆಮೇಲೆ ನನ್ನ ಮುಖ ನೋಡಿ, "ಯಾಕೇ?" ಎಂದಳು.

"ಏನಿಲ್ಲ," ಎಂದೆ. ಮಿಕ್ಸಿ ಜಾರಿನ ಬುಷ್ ಬಿಚ್ಚುತ್ತಿದ್ದವಳು ಸ್ಪ್ಯಾನರ್ ಜಾರಿ ಬೆರಳು ತರಚಿಕೊಂಡಿದ್ದೆ.

ನನಗೆ ಸಿಟ್ಟು ಬಂದಿತ್ತು. ಬರೀ ಸಿಟ್ಟೇ ಎಂದು ತಿಳಿದಿದ್ದೆ. ಒಂದು ವರ್ಷ ನನ್ನ ಅಂಗಡಿಯ ಗ್ಯಾಸ್ಕೆಟ್ಟುಗಳನ್ನೆಲ್ಲ ಕುಯ್ದು ಹಾಳುಮಾಡಿ, ಒಂದು ಮಾತೂ ಆಡದೆ ಹೊರಟುಹೋಗುವ ಗಂಡಸಿಗೆ ಸರಿಯಾಗಿ ಉಗಿಯಬೇಕೆಂದುಕೊಂಡೆ. ಕುಕ್ಕರ್ ಇಲ್ಲೇ ಇದೆಯಲ್ಲ, ತೆಗೆದುಕೊಂಡು ಹೋಗಲು ಬಂದೇ ಬರುತ್ತಾನೆ. ಬಂದರೆ ಏನನ್ನಬೇಕು? 'ಗಂಡಸಾಗಿ ಹುಟ್ಟಿ ಇಷ್ಟು ಪುಕ್ಕಲಾದರೆ ಹೇಗ್ರೀ' ಎನ್ನಬೇಕು. ಅದು ಚೆನ್ನಾಗಿದೆ. ಅಥವಾ, 'ಓಡಿಹೋಗೋರಿಗೆ ಊರು ಯಾವುದಾದರೇನು' ಎನ್ನಬೇಕು. ಅದು ಇನ್ನೂ ಚೆನ್ನಾಗಿದೆ. ಗುರುವಾರ ರಾತ್ರಿ ಅದನ್ನು ಸ್ವಲ್ಪ ತಿದ್ದಿದೆ. ಶುಕ್ರವಾರ ಸ್ಟವ್ವಿನ ಬರ್ನರ್ ತೊಳೆಯುತ್ತ ಕೊನೆಗೆ ಇನ್ನೊಂದು ಮಾತು ಸೇರಿಸಿದೆ. ಇಷ್ಟೆಲ್ಲ ಬೈದ ಮೇಲೆ, ಬೈಗುಳ ಮುಗಿದು ಅವನು ತಲೆ ತಗ್ಗಿಸಿದ ಮೇಲೆ, ಸ್ವಲ್ಪ ಮೆತ್ತಗಿನ ದನಿಯಲ್ಲಿ 'ಹೋಗಬೇಡಿ' ಎನ್ನುವುದು. ಆ ಒಂದು ಮಾತನ್ನು ಯಾವ ದನಿಯಲ್ಲಿ ಹೇಳಬೇಕೆಂದು ಶುಕ್ರವಾರ ಪೂರ್ತಿ ನೋಡಿಕೊಂಡೆ. ನಾನು ಏನು ಮಾಡುತ್ತಿದ್ದೇನೆ ಎಂಬುದು ಹೊಳೆಯಲೇ ಇಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕುವವಳು ನಾನು. ಹುಟ್ಟಿದಾಗಿನಿಂದ ಒಂದು ಮಾತೂ ಕಳೆದುಕೊಂಡವಳಲ್ಲ ಎಂಬ ಜಂಭ ಬೇರೆ.

ಶನಿವಾರ ಮಧ್ಯಾಹ್ನ ಅವನು ಬಂದ. ಇಸ್ತ್ರಿ ಇರಲಿಲ್ಲ, ಗಡ್ಡ ಎರಡು ದಿನದ್ದು. ಗೆಲ್ಲುವ ಆಸೆ ಬಿಟ್ಟವರ ಹಾಗೆ ನೆಟ್ಟಗೆ ನಡೆದು ಬಂದು ಜೇಬಿನಿಂದ ವರ್ಗದ ಆದೇಶ ತೆಗೆದು ಕೌಂಟರಿನ ಮೇಲಿಟ್ಟ. ನಾನು ಓದಿದೆ. ಚಿಕ್ಕಮ್ಮ ಡಬ್ಬಿಗಳನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ ತಯಾರಾಗಿ ಕೂತಳು. ನಾನು ಸೊಂಟದ ಮೇಲೆ ಕೈಯಿಟ್ಟು, ಗುರುವಾರದಿಂದ ಕೂಡಿಟ್ಟ ಬೈಗುಳದ ಮೊದಲ ಸಾಲಿಗೆ ಬಾಯಿ ತೆಗೆದೆ.

ಕೆಮ್ಮು ಬಂತು.

ಯಾರು ಕೆಮ್ಮಿದರು ಎಂದು ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಗಂಟಲಿಗೆ ಧೂಳು ಹೋಗಿರಬೇಕೆಂದುಕೊಂಡು ಎರಡನೇ ಸಾಲು ಹಿಡಿದೆ. ಮತ್ತೆ ಕೆಮ್ಮು. ಬೈಗುಳ ಹಾಳಾಗಿ ಹೋಗಲಿ, ಆ ಕೊನೆಯ ಒಂದು ಮಾತು ಹೊರಗೆ ಬಂದರೆ ಸಾಕು ಎಂದು ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ಹೇಳಲು ನೋಡಿದೆ. ಬಗ್ಗಿ ನಿಂತು, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದೆ. ನನ್ನ ಜನ್ಮದಲ್ಲಿ ಅಷ್ಟು ಅವಮಾನ ಆದದ್ದಿಲ್ಲ. ಭಯವೂ ಆಯಿತು. ಇವನು ಈಗ ಕುಕ್ಕರ್ ಎತ್ತಿಕೊಂಡು ಇಳಿದು ಹೋಗುತ್ತಾನೆ, ಸೋಮವಾರ ಬಸ್ಸು ಹತ್ತುತ್ತಾನೆ, ನಾನು ಇಲ್ಲಿ ನಿಂತು ಕೆಮ್ಮುತ್ತಿರುತ್ತೇನೆ.

ಅವನು ಇಳಿದು ಹೋಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ನನ್ನನ್ನು ನೋಡುತ್ತಿದ್ದ.

"ನಿಮಗೂನಾ?" ಎಂದ.

ಒಂದು ವರ್ಷದ ಮೇಲೆ ಅವನು ನನ್ನ ಎದುರು ಆಡಿದ ಮೊದಲ ಹೊಸ ಮಾತು ಅದು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದೆ.

"ಎಷ್ಟು ದಿನದಿಂದ?" ಥೇಟು ಡಾಕ್ಟರ್ ಕೇಳಿದ ಹಾಗೆ ಕೇಳಿದ.

"ಗುರುವಾರದಿಂದ."

"ನನಗೆ ಹೋದ ವರ್ಷ ಯುಗಾದಿಯಿಂದ," ಎಂದ. ಆಮೇಲೆ ಮಾತು ಬಂದದ್ದು ಅವನಿಗೇ ಆಶ್ಚರ್ಯವಾದಂತೆ ಸುಮ್ಮನಾದ. ಇನ್ನೇನು ಯೋಚನೆಗೆ ಇಳಿಯುತ್ತಾನೆ ಎಂದು ನನಗೆ ಅನ್ನಿಸಿತು. ಹುಬ್ಬು ಗಂಟಾಗತೊಡಗಿತ್ತು.

"ಯೋಚ್ನೆ ಮಾಡ್ಬೇಡಿ," ಎಂದು ಗದರಿದೆ. "ಏನು ಬರುತ್ತೋ ಅದನ್ನ ಅಂದ್ಬಿಡಿ."

"ಭಯ ಆಗುತ್ತೆ ಕಣ್ರೀ," ಎಂದ ಅವನು.

ಅವನೇ ಮುಂದುವರಿಸಿದ. "ಈ ಮಾತು ಇನ್ನೂ ಇದೆ ನೋಡಿ. ಇದನ್ನ ನಾನು ಒಂದು ಸಲಾನೂ ಮನಸ್ಸಲ್ಲಿ ಅಂದ್ಕೊಂಡಿಲ್ಲ. ಭಯ ಕಾಣಿಸ್ಬಾರದು ಅಂತ ಬೇರೆ ಏನೇನೋ ಅಂದ್ಕೊಂಡೆ, ಅದೆಲ್ಲ ಖರ್ಚಾಗಿ ಹೋಯ್ತು. ಇದು ಮಾತ್ರ ಹಾಗೇ ಉಳ್ಕೊಂಡಿದೆ."

"ಯಾರ ಭಯ? ನನ್ನದಾ?"

"ನಿಮ್ಮದೇ. ನೀವು ನಗ್ತೀರಿ."

"ನಾನೆಲ್ಲಿ..." ಎಂದು ಶುರುಮಾಡಿದೆ.

"ನಗ್ತೀರಿ. ನಾನು ಮೆಟ್ಟಿಲು ಇಳಿಯೋದ್ರೊಳಗೆ ನಗ್ತೀರಿ. ನೀವೂ ನಗ್ತೀರಿ, ಅವರೂ ನಗ್ತಾರೆ," ಎಂದು ಚಿಕ್ಕಮ್ಮನ ಕಡೆ ಕೈ ತೋರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನ ಮೀಟರು ಇಷ್ಟು ಓಡಿದೆ ಎಂದು ಹೇಳುವ ಹಾಗೆ ಹೇಳಿದ. "ಎರಡನೇ ಸಲ ಬಂದಾಗ ಇಸ್ತ್ರಿ ಅಂಗಿ ನೋಡಿ, ಮದುವೆ ಮನೆ ದಾರಿ ತಪ್ಪಿದ್ರಾ ಅಂತ ಕೇಳಿದ್ರಿ. ಸುಮ್ನೆ ಕೇಳಿದ್ರಿ, ಗೊತ್ತು. ಅವತ್ತಿಂದ ಇಲ್ಲಿಗೆ ಬರೋ ಮೊದಲು, ಇವರು ನಗದೇ ಇರೋ ಹಾಗೆ ಏನನ್ನಲಿ, ಹೇಗನ್ನಲಿ ಅಂತ ಯೋಚಿಸ್ತಾ ಕೂತೆ. ಅಂಥ ಮಾತು ಒಂದೂ ಸಿಗ್ಲಿಲ್ಲ."

ಮದುವೆ ಮನೆಯ ಮಾತು ನನಗೆ ನೆನಪೇ ಇರಲಿಲ್ಲ. ಅನ್ನಿಸಿದ್ದನ್ನು ಅನ್ನಿಸಿದ ಕೂಡಲೇ ಅಂದುಬಿಡುವುದೇ ದೊಡ್ಡ ಗುಣವೆಂದು ಬೀಗಿದವಳು ನಾನು. ಅಂದದ್ದು ಎಲ್ಲಿ ಹೋಗಿ ಬೀಳುತ್ತದೆಂದು ನೋಡಿರಲಿಲ್ಲ. ನಾಚಿಕೆಯಾಯಿತು. ಅವನು ಆದೇಶದ ಕಾಗದವನ್ನು ಮಡಿಸತೊಡಗಿದ. ನಾಲ್ಕು ಮಡಿಕೆ ಆದರೆ ಜೇಬಿಗೆ ಹೋಗುತ್ತದೆ, ಜೇಬಿಗೆ ಹೋದರೆ ಅವನೂ ಹೋಗುತ್ತಾನೆ. ನನ್ನ ಬಳಿ ಆ ಹೊತ್ತಿಗೆ ಒಂದೂ ಒಳ್ಳೆಯ ಮಾತು ಉಳಿದಿರಲಿಲ್ಲ, ಹೊಸದನ್ನು ಹುಡುಕಲು ಹೊರಟರೆ ಅದೂ ಹೋಗುತ್ತಿತ್ತು.

"ಅಲ್ಲಿ ಹೋಗಿ ಯಾರ ಮುಂದೆ ಕೆಮ್ತೀರಿ?" ಎಂದುಬಿಟ್ಟೆ. "ಕೆಮ್ಮೋದಿದ್ರೆ ಇಲ್ಲೇ ಕೆಮ್ಕೊಂಡು ಬಿದ್ದಿರಿ. ನಾನೂ ಕೆಮ್ತೀನಿ."

ಕೇಳಿಸಿಕೊಂಡರೆ ಯಾರಿಗಾದರೂ ವಾಕರಿಕೆ ಬರುವಂಥ ಮಾತು. ಪ್ರಭಂಜನ್ ಸರ್ ಆಗಿದ್ದರೆ ಇದಕ್ಕೆ ಸೊನ್ನೆ ಕೊಡುತ್ತಿದ್ದ. ಪಂಪಾಪತಿ ಮಡಿಸುವುದನ್ನು ನಿಲ್ಲಿಸಿದ. ನಾನು ಅವನ ಬಾಯನ್ನೇ ನೋಡುತ್ತ ನಿಂತಿದ್ದೆ. ಇಷ್ಟು ವರ್ಷ ಈ ಕೌಂಟರಿನ ಆಚೆ ನಿಂತ ಗಂಡಸರಿಗೆ ಹೀಗೆ ಆಗುತ್ತಿತ್ತೇ ಎಂದು ಮೊದಲ ಸಲ ತಿಳಿಯಿತು, ತಿಳಿದದ್ದು ಸಿಹಿಯಾಗಿರಲಿಲ್ಲ.

"ಅರ್ಜಿ ವಾಪಸ್ ತಗೊಳ್ಳೋಕೆ ಸಾಹೇಬ್ರ ಹತ್ರ ಹೋಗ್ಬೇಕು," ಎಂದ ಅವನು ನಿಧಾನವಾಗಿ. "ಏನಂತ ಹೇಳಲಿ ಅವರಿಗೆ?"

"ಅದನ್ನ ಅವರ ಬಾಗಿಲು ತೆಗೆದ ಮೇಲೆ ನೋಡ್ಕೊಳ್ಳಿ."

ಅವನು ಹೂಂ ಎಂದ.

"ಒಂದು ಮಾತು. ನೀವು ನಗೋದು ಬಿಡ್ತೀರಾ?"

ಸುಳ್ಳು ಹೇಳಬಹುದಿತ್ತು. "ಅದು ಆಗಲ್ಲ ಕಣ್ರೀ. ನನ್ನ ಬಾಯೇ ಹಾಗೆ," ಎಂದೆ.

"ಸರಿ, ಹಾಗಾದ್ರೆ ನಗಿ," ಎಂದು ಅವನು ಸ್ಟೂಲು ಎಳೆದುಕೊಂಡು ನನ್ನ ಎದುರು ಕೂತ. "ಕೂತಿರ್ತೀನಿ. ನಗಿ."

ಚಿಕ್ಕಮ್ಮ ಎದ್ದು, ಸ್ಕ್ರೂ ಡಬ್ಬಿಗಳನ್ನೂ ಎತ್ತಿಕೊಂಡು ಒಳಗೆ ಹೋದಳು. ನಾನು ಅವನನ್ನು ನೋಡಿದೆ. ಎರಡು ದಿನದ ಗಡ್ಡ, ಮುದುರಿದ ಅಂಗಿ, ಕೆಂಪು ಕಿವಿ, ಆಡಿಕೊಳ್ಳಲು ಬೇಕಾದಷ್ಟಿತ್ತು. ನನಗೆ ನಗು ಬರಲಿಲ್ಲ.